ಸರ್ವರ್ ನಿರ್ವಹಣೆಯಲ್ಲಿ ಬಳಕೆದಾರರ ಗುಂಪುಗಳು: ಯಾರಿಗೆ ಎಷ್ಟು ಅಧಿಕಾರ?

ಹಲವು ಗಣಕಯಂತ್ರಗಳಿಗೆ ಬೇಕಾದ ಕಡತಗಳನ್ನು ಒಂದೆಡೆ ಇಟ್ಟು, ಕೇಳಿದವರಿಗೆ ಒದಗಿಸುವ ಯಂತ್ರವೇ ಸರ್ವರ್. ಶಾಲೆಯ ಕಂಪ್ಯೂಟರ್ ಕೊಠಡಿ, ಹಾಲಿನ ಸಂಘ, ಸಹಕಾರಿ ಬ್ಯಾಂಕ್, ಆಸ್ಪತ್ರೆ, ಪಂಚಾಯಿತಿ ಕಚೇರಿ ಹೀಗೆ ಹಳ್ಳಿ-ಪಟ್ಟಣಗಳಲ್ಲೂ ಇಂದು ಸರ್ವರ್ ಸಾಮಾನ್ಯ. ಆದರೆ ಅನೇಕ ಕಡೆ ಅದರ ಪಾಸ್‌ವರ್ಡ್ ಮಾತ್ರ ಒಂದೇ. ಅದು ಎಲ್ಲರಿಗೂ ಗೊತ್ತು. ಕೆಲವೆಡೆ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲೇ ಬರೆದಿರುತ್ತದೆ.

ಹೀಗಿದ್ದಾಗ ಒಂದು ದಿನ ಲೆಕ್ಕದ ಕಡತವೊಂದು ಕಾಣೆಯಾಯಿತು ಎಂದಿಟ್ಟುಕೊಳ್ಳಿ. ಅಳಿಸಿದವರು ಯಾರೆಂದು ಯಂತ್ರ ಹೇಳಲಾರದು, ಏಕೆಂದರೆ ಅದರ ದಾಖಲೆಯಲ್ಲಿ ಎಲ್ಲರ ಹೆಸರೂ ಒಂದೇ. ಅನುಮಾನ ಎಲ್ಲರ ಮೇಲೂ ಬೀಳುತ್ತದೆ, ಕೊನೆಗೆ ಹೊಸದಾಗಿ ಸೇರಿದ ನೌಕರನ ತಲೆಗೆ ಬರುತ್ತದೆ. ಕಡತವನ್ನು ಕಾಪಾಡುವುದಕ್ಕೆ ಮಾತ್ರವಲ್ಲ, ತಪ್ಪು ಮಾಡದ ನೌಕರನ ಮಾನ ಕಾಪಾಡುವುದಕ್ಕೂ ಬಳಕೆದಾರರ ಗುಂಪು ಮತ್ತು ಪ್ರವೇಶಾಧಿಕಾರದ ಹಂತಗಳು ಬೇಕು. ಆ ವ್ಯವಸ್ಥೆಯ ಹಿನ್ನೆಲೆ, ಅದು ಕೆಲಸ ಮಾಡುವ ರೀತಿ ಹಾಗೂ ಸಾಮಾನ್ಯವಾಗಿ ಆಗುವ ತಪ್ಪುಗಳ ವಿವರ ಇಲ್ಲಿದೆ.

(ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಡಲಾಗಿದೆ. ಯಂತ್ರದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಮೂರು ಮುಖ್ಯ ಪದಗಳು

ಬಳಕೆದಾರ (ಯೂಸರ್): ಸರ್ವರ್‌ನಲ್ಲಿ ಸ್ವಂತ ಹೆಸರು ಮತ್ತು ಪಾಸ್‌ವರ್ಡ್ ಇರುವ ವ್ಯಕ್ತಿ. ಒಬ್ಬರಿಗೆ ಒಂದು ಖಾತೆ ಎಂಬುದು ಮೊದಲ ನಿಯಮ.

ಗುಂಪು (ಗ್ರೂಪ್): ಒಂದೇ ಬಗೆಯ ಕೆಲಸ ಮಾಡುವ ಬಳಕೆದಾರರ ಪಟ್ಟಿ.

ಅನುಮತಿ (ಪರ್ಮಿಶನ್): ಒಂದು ಕಡತ ಅಥವಾ ಸೌಲಭ್ಯದ ಮೇಲೆ ಏನು ಮಾಡಬಹುದು ಎಂಬ ಒಪ್ಪಿಗೆ. ಓದುವುದು, ಬರೆಯುವುದು, ಅಳಿಸುವುದು, ಬೇರೆಯವರಿಗೆ ಅಧಿಕಾರ ಕೊಡುವುದು ಇವೆಲ್ಲ ಬೇರೆ ಬೇರೆ ಅನುಮತಿಗಳು.

ಇಡೀ ವ್ಯವಸ್ಥೆಯ ತಿರುಳು ಇಷ್ಟೇ: ಅಧಿಕಾರವನ್ನು ವ್ಯಕ್ತಿಗೆ ಕೊಡಬೇಡಿ, ಕೆಲಸಕ್ಕೆ ಕೊಡಿ. ವ್ಯಕ್ತಿಯನ್ನು ಆ ಕೆಲಸದ ಗುಂಪಿಗೆ ಸೇರಿಸಿ. ಕೆಲಸ ಬದಲಾದಾಗ ಗುಂಪಿನಿಂದ ತೆಗೆಯಿರಿ.

ಹಿನ್ನೆಲೆ

1960ರ ದಶಕದಲ್ಲಿ ಒಂದೇ ದೊಡ್ಡ ಗಣಕಯಂತ್ರವನ್ನು ಹಲವರು ಒಟ್ಟಿಗೆ ಬಳಸುವ ಪದ್ಧತಿ ಬಂದಾಗಲೇ ಈ ಪ್ರಶ್ನೆ ಹುಟ್ಟಿತು. ಅಮೆರಿಕದ ಎಂಐಟಿ, ಬೆಲ್ ಲ್ಯಾಬ್ಸ್ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಆರಂಭಿಸಿದ ಮಲ್ಟಿಕ್ಸ್ ವ್ಯವಸ್ಥೆಯಲ್ಲಿ ಕಡತವನ್ನು ಯಾರು ಯಾರು ಮುಟ್ಟಬಹುದು ಎಂಬ ಪಟ್ಟಿ ಇರುತ್ತಿತ್ತು. 1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್ ಇದನ್ನು ಸರಳಗೊಳಿಸಿತು. ಕಡತದ ಒಡೆಯ, ಗುಂಪು, ಉಳಿದವರು ಎಂಬ ಮೂರು ವರ್ಗದ ಪದ್ಧತಿ ಯುನಿಕ್ಸ್‌ನ ಕೊಡುಗೆ. 1983ರ 4.2 ಬಿಎಸ್‌ಡಿ ಆವೃತ್ತಿಯಲ್ಲಿ ಒಬ್ಬ ಬಳಕೆದಾರ ಏಕಕಾಲಕ್ಕೆ ಹಲವು ಗುಂಪುಗಳ ಸದಸ್ಯನಾಗಿ ಕೆಲಸ ಮಾಡುವುದು ಸಾಧ್ಯವಾಯಿತು.

1975ರಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಒಂದು ಪ್ರಬಂಧದಲ್ಲಿ ‘ಕನಿಷ್ಠ ಅಧಿಕಾರ’ದ ತತ್ವವನ್ನು ವಿವರಿಸಿದರು. ಪ್ರತಿಯೊಬ್ಬರಿಗೂ ಅವರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಇರಬೇಕು ಎಂಬುದು ಇದರ ಸಾರ. 1992ರಲ್ಲಿ ಡೇವಿಡ್ ಫೆರಯೋಲೊ ಮತ್ತು ರಿಚರ್ಡ್ ಕುನ್ ‘ಹುದ್ದೆ ಆಧಾರಿತ ಪ್ರವೇಶ ನಿಯಂತ್ರಣ’ದ ಮಾದರಿಯನ್ನು ಮಂಡಿಸಿದರು. ಇದು 2004ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನದಂಡವಾಯಿತು. ಇಂದಿನ ಹೆಚ್ಚಿನ ನಿರ್ವಹಣಾ ತಂತ್ರಾಂಶಗಳಲ್ಲಿ ಕಾಣುವ ‘ರೋಲ್’ ಎಂಬ ಪದದ ಹಿಂದೆ ಇದೇ ಚಿಂತನೆ ಇದೆ.

ಲಿನಕ್ಸ್‌ನಲ್ಲಿ ಗುಂಪು

ಲಿನಕ್ಸ್ ಹೆಸರು ಗಡಿನಾಡಿನ ಓದುಗರಿಗೆ ಅಪರಿಚಿತವಲ್ಲ. ಕೇರಳದ ಶಾಲೆಗಳಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆಯ ಮೂಲಕ ಬಂದ, 2017ರಿಂದ ‘ಕೈಟ್’ ಸಂಸ್ಥೆ ನೋಡಿಕೊಳ್ಳುತ್ತಿರುವ ಕಂಪ್ಯೂಟರ್ ಶಿಕ್ಷಣ ನಡೆಯುವುದು ಲಿನಕ್ಸ್ ಮೇಲೆಯೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ.

ಲಿನಕ್ಸ್‌ನಲ್ಲಿ ಎಲ್ಲಕ್ಕಿಂತ ಮೇಲಿನ ಖಾತೆ ‘ರೂಟ್’. ಅದರ ಸಂಖ್ಯೆ 0. ಮಾಮೂಲಿ ಕಡತ ಅನುಮತಿಗಳು ಈ ಖಾತೆಯನ್ನು ತಡೆಯುವುದಿಲ್ಲ. ಉಳಿದವರಿಗೆ ಮೂರು ಅನುಮತಿಗಳಿದ್ದು, ಓದುವುದಕ್ಕೆ 4, ಬರೆಯುವುದಕ್ಕೆ 2, ನಡೆಸುವುದಕ್ಕೆ 1 ಅಂಕ. ಇವನ್ನು ಕೂಡಿಸಿ ಒಡೆಯ, ಗುಂಪು, ಉಳಿದವರು ಎಂಬ ಕ್ರಮದಲ್ಲಿ ಮೂರು ಅಂಕಿ ಬರೆಯುತ್ತಾರೆ. ಉದಾಹರಣೆಗೆ 640 ಎಂದರೆ ಒಡೆಯ ಓದಿ ಬರೆಯಬಹುದು, ಗುಂಪಿನವರು ಓದಬಹುದು, ಉಳಿದವರಿಗೆ ಏನೂ ಇಲ್ಲ. 777 ಎಂದರೆ ಎಲ್ಲರಿಗೂ ಎಲ್ಲವೂ. ಕೆಲಸ ನಡೆಯುತ್ತಿಲ್ಲ ಎಂದು ಸಿಟ್ಟಿನಲ್ಲಿ 777 ಕೊಟ್ಟುಬಿಡುವುದು ಬಹಳ ಕಡೆ ಕಾಣುವ ರೂಢಿ. ಬೀಗ ತೆಗೆಯಲು ಬರಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟಂತೆ ಅದು.

ಇಲ್ಲಿ ಹೊಸಬರು ಎಡವುವ ಕೆಲವು ಸಂಗತಿಗಳಿವೆ.

1. ಕಡತವನ್ನು ಅಳಿಸುವ ಅಧಿಕಾರ ಕಡತದ ಅನುಮತಿಯಲ್ಲಿಲ್ಲ, ಅದಿರುವ ಫೋಲ್ಡರ್‌ನ ಅನುಮತಿಯಲ್ಲಿದೆ. ಕಡತಕ್ಕೆ ‘ಓದಲು ಮಾತ್ರ’ ಎಂದಿದ್ದರೂ, ಫೋಲ್ಡರ್‌ನಲ್ಲಿ ಬರೆಯುವ ಅನುಮತಿ ಇರುವವರು ಅದನ್ನು ಅಳಿಸಬಹುದು.

2. ಇದನ್ನು ತಡೆಯಲು ‘ಸ್ಟಿಕಿ ಬಿಟ್’ ಎಂಬ ಸೌಲಭ್ಯವಿದೆ. ಇದನ್ನು ಹಾಕಿದರೆ ಕಡತದ ಒಡೆಯ, ಫೋಲ್ಡರ್‌ನ ಒಡೆಯ ಅಥವಾ ರೂಟ್ ಮಾತ್ರ ಅಳಿಸಬಹುದು.

3. ಹಂಚಿಕೆಯ ಫೋಲ್ಡರ್‌ಗೆ ‘ಸೆಟ್ ಜಿಐಡಿ’ ಗುರುತು ಹಾಕಬೇಕು. ಆಗ ಅದರೊಳಗೆ ಯಾರು ಹೊಸ ಕಡತ ಮಾಡಿದರೂ ಅದು ಫೋಲ್ಡರ್‌ನ ಗುಂಪಿಗೇ ಸೇರುತ್ತದೆ. ಇಲ್ಲವಾದರೆ ಮಾಡಿದವರ ಸ್ವಂತ ಗುಂಪಿಗೆ ಸೇರಿ, ಜೊತೆಯವರಿಗೆ ತೆರೆಯಲು ಬಾರದೇ ಹೋಗಬಹುದು. ಸ್ಟಿಕಿ ಬಿಟ್ ಮತ್ತು ಸೆಟ್ ಜಿಐಡಿ ಎರಡೂ ಸೇರಿದ ಗುಂಪಿನ ಫೋಲ್ಡರ್‌ನ ಅಂಕಿ 3770.

4. ಹೊಸ ಕಡತಕ್ಕೆ ತಾನಾಗಿ ಸಿಗುವ ಅನುಮತಿಯನ್ನು ‘ಯುಮಾಸ್ಕ್’ ನಿರ್ಧರಿಸುತ್ತದೆ. ಅದು 022 ಆಗಿದ್ದರೆ ಗುಂಪಿನವರು ಓದಬಹುದು, ತಿದ್ದುವಂತಿಲ್ಲ. ಗುಂಪಿನವರೂ ತಿದ್ದಬೇಕಾದರೆ 002 ಇರಬೇಕು.

5. ಒಬ್ಬರನ್ನು ಹೊಸ ಗುಂಪಿಗೆ ಸೇರಿಸುವಾಗ ‘ಯೂಸರ್‌ಮಾಡ್’ ಆಜ್ಞೆಯಲ್ಲಿ ದೊಡ್ಡ ‘ಜಿ’ ಜೊತೆಗೆ ಸಣ್ಣ ‘ಎ’ ಅಕ್ಷರವನ್ನೂ ಸೇರಿಸಬೇಕು. ‘ಎ’ ಎಂದರೆ ‘ಇದ್ದುದಕ್ಕೆ ಸೇರಿಸು’. ಅದನ್ನು ಮರೆತರೆ ಆ ವ್ಯಕ್ತಿ ಹಿಂದೆ ಇದ್ದ ಇತರ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಬೀಳುತ್ತಾರೆ. ನಿರ್ವಾಹಕರು ತಮ್ಮನ್ನೇ ನಿರ್ವಾಹಕರ ಗುಂಪಿನಿಂದ ಹೀಗೆ ಹೊರಹಾಕಿಕೊಳ್ಳುವುದುಂಟು.

6. ಗುಂಪಿಗೆ ಸೇರಿಸಿದ ತಕ್ಷಣ ಅಧಿಕಾರ ಬರುವುದಿಲ್ಲ. ಆ ವ್ಯಕ್ತಿ ಒಮ್ಮೆ ಹೊರಬಂದು ಮತ್ತೆ ಲಾಗಿನ್ ಆಗಬೇಕು. ತೆಗೆಯುವಾಗಲೂ ಹೀಗೆಯೇ: ಆಗಲೇ ಲಾಗಿನ್ ಆಗಿರುವವರ ಹಳೆಯ ಅಧಿಕಾರ ಅವರು ಹೊರಬರುವ ತನಕ ಉಳಿದಿರುತ್ತದೆ.

ಒಂದು ಫೋಲ್ಡರ್‌ಗೆ ಒಂದೇ ಗುಂಪು ಎಂಬ ಮಿತಿ ತೊಡಕಾದರೆ ‘ಎಸಿಎಲ್’ ಪಟ್ಟಿಗಳನ್ನು ಬಳಸಬಹುದು. ಇದರಲ್ಲಿ ಒಂದು ಗುಂಪಿಗೆ ಬರೆಯುವ, ಇನ್ನೊಂದಕ್ಕೆ ಓದುವ ಅನುಮತಿಯನ್ನು ಒಂದೇ ಫೋಲ್ಡರ್ ಮೇಲೆ ಕೊಡಲು ಸಾಧ್ಯ.

ಸುಡೊ: ದೊಡ್ಡ ಅಧಿಕಾರವನ್ನು ಎರವಲು ಪಡೆಯುವ ದಾರಿ

ರೂಟ್ ಪಾಸ್‌ವರ್ಡನ್ನು ಹಂಚದೆ, ಬೇಕಾದ ಕೆಲಸಕ್ಕೆ ಮಾತ್ರ ರೂಟ್ ಅಧಿಕಾರ ಕೊಡುವ ತಂತ್ರಾಂಶವೇ ‘ಸುಡೊ’. ಇದು 1980ರ ಸುಮಾರಿಗೆ ಅಮೆರಿಕದ ಬಫಲೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡಿತು. ಬಳಕೆದಾರ ತನ್ನದೇ ಪಾಸ್‌ವರ್ಡ್ ಕೊಡುತ್ತಾನೆ. ಯಾರು, ಯಾವಾಗ, ಯಾವ ಆಜ್ಞೆ ಕೊಟ್ಟರು ಎಂಬುದು ದಾಖಲಾಗುತ್ತದೆ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಇದಕ್ಕೆ ‘ಸುಡೊ’ ಎಂಬ ಗುಂಪು, ರೆಡ್ ಹ್ಯಾಟ್ ಬಳಗದಲ್ಲಿ ‘ವೀಲ್’ ಎಂಬ ಗುಂಪು ಇದೆ. ಇದರ ನಿಯಮಗಳ ಕಡತವನ್ನು ‘ವಿ-ಸುಡೊ’ ಆಜ್ಞೆಯಿಂದಲೇ ತೆರೆಯಬೇಕು. ಬರೆದದ್ದರಲ್ಲಿ ವ್ಯಾಕರಣ ದೋಷವಿದ್ದರೆ ಉಳಿಸುವ ಮೊದಲೇ ಅದು ಎಚ್ಚರಿಸುತ್ತದೆ.

ಹೆಸರು ಸಣ್ಣದಾದರೂ ಅಧಿಕಾರ ದೊಡ್ಡದಿರುವ ಗುಂಪುಗಳ ಬಗ್ಗೆ ಎಚ್ಚರ ಬೇಕು. ‘ಡಾಕರ್’ ಗುಂಪಿಗೆ ಸೇರಿದವರು ಸುಲಭವಾಗಿ ರೂಟ್‌ನಷ್ಟೇ ಅಧಿಕಾರ ಪಡೆಯಬಲ್ಲರು. ‘ಡಿಸ್ಕ್’ ಗುಂಪಿನವರು ಕಡತಗಳ ಅನುಮತಿಯನ್ನು ದಾಟಿ ಡಿಸ್ಕನ್ನೇ ನೇರವಾಗಿ ಓದಬಲ್ಲರು.

ವೆಬ್‌ಮಿನ್: ಪರದೆಯ ಮೇಲಿನ ನಿರ್ವಹಣೆ

ಆಜ್ಞೆಗಳನ್ನು ಟೈಪ್ ಮಾಡುವ ಬದಲು ಬ್ರೌಸರ್ ಮೂಲಕವೇ ಸರ್ವರ್ ನಿರ್ವಹಿಸುವ ತಂತ್ರಾಂಶಗಳಲ್ಲಿ ವೆಬ್‌ಮಿನ್ ಹಳೆಯದು. ಆಸ್ಟ್ರೇಲಿಯಾದ ಜೇಮಿ ಕ್ಯಾಮರೂನ್ 1997ರಲ್ಲಿ ಇದನ್ನು ಬಿಡುಗಡೆ ಮಾಡಿದರು. ಸಾಮಾನ್ಯವಾಗಿ ಇದು 10000 ಸಂಖ್ಯೆಯ ಪೋರ್ಟ್‌ನಲ್ಲಿ ಸಿಗುತ್ತದೆ.

ವೆಬ್‌ಮಿನ್‌ನ ಬಳಕೆದಾರರು ಬೇರೆ, ಲಿನಕ್ಸ್‌ನ ಬಳಕೆದಾರರು ಬೇರೆ ಎಂಬುದನ್ನು ಮೊದಲು ತಿಳಿಯಬೇಕು. ‘ವೆಬ್‌ಮಿನ್ ಯೂಸರ್ಸ್’ ವಿಭಾಗದಲ್ಲಿ ಗುಂಪು ರಚಿಸಿ, ಆ ಗುಂಪಿಗೆ ಯಾವ ಯಾವ ವಿಭಾಗಗಳು ಕಾಣಬೇಕು ಎಂದು ಗುರುತು ಹಾಕಬಹುದು. ಗುಂಪಿನ ಸದಸ್ಯರಿಗೆ ಅವು ತಾನಾಗಿ ಸಿಗುತ್ತವೆ. ಒಬ್ಬ ಬಳಕೆದಾರ ಇಲ್ಲಿ ಒಂದೇ ಗುಂಪಿನ ಸದಸ್ಯನಾಗಿರಬಹುದು. ಪ್ರತಿ ವಿಭಾಗದೊಳಗೂ ಇನ್ನಷ್ಟು ಬಿಗಿ ಮಾಡಲು ಅವಕಾಶವಿದೆ. ಉದಾಹರಣೆಗೆ, ಕೆಲವೇ ಖಾತೆಗಳ ಪಾಸ್‌ವರ್ಡ್ ಬದಲಿಸುವ ಅಧಿಕಾರವನ್ನು ಮಾತ್ರ ಒಬ್ಬರಿಗೆ ಕೊಡಬಹುದು.

ಆದರೆ ವೆಬ್‌ಮಿನ್ ತಾನೇ ರೂಟ್ ಅಧಿಕಾರದಲ್ಲಿ ನಡೆಯುತ್ತದೆ. ಆದ್ದರಿಂದ ಕಮಾಂಡ್ ಶೆಲ್, ಫೈಲ್ ಮ್ಯಾನೇಜರ್, ನಿಗದಿತ ಸಮಯದ ಕೆಲಸಗಳು, ಬಳಕೆದಾರರು ಮತ್ತು ಗುಂಪುಗಳು, ವೆಬ್‌ಮಿನ್ ಯೂಸರ್ಸ್ ಈ ಐದು ವಿಭಾಗಗಳಲ್ಲಿ ಯಾವುದನ್ನು ಮಿತಿಯಿಲ್ಲದೆ ಕೊಟ್ಟರೂ ಪೂರ್ತಿ ಅಧಿಕಾರವನ್ನೇ ಕೊಟ್ಟಂತೆ. ಸ್ವಂತ ಕಡತ, ಸ್ವಂತ ಅಂಚೆಯನ್ನಷ್ಟೇ ನೋಡಿಕೊಳ್ಳಬೇಕಾದವರಿಗೆ ‘ಯೂಸರ್‌ಮಿನ್’ ಎಂಬ ಸೋದರ ತಂತ್ರಾಂಶ ಸಾಕು.

2019ರಲ್ಲಿ ವೆಬ್‌ಮಿನ್‌ನ ಕೆಲವು ಆವೃತ್ತಿಗಳಲ್ಲಿ ಯಾರೋ ಹಿಂಬಾಗಿಲೊಂದನ್ನು ಸೇರಿಸಿದ್ದು ಬೆಳಕಿಗೆ ಬಂತು. 1.890 ಆವೃತ್ತಿಯಲ್ಲಿ ಪಾಸ್‌ವರ್ಡ್ ಇಲ್ಲದೆಯೇ ರೂಟ್ ಆಜ್ಞೆ ಕೊಡಲು ಅದರಿಂದ ಸಾಧ್ಯವಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ 1.930 ಆವೃತ್ತಿ ಬಂದು ದೋಷ ಸರಿಯಾಯಿತು. ಒಳಗಿನ ಗುಂಪುಗಳನ್ನು ಎಷ್ಟು ಚೆನ್ನಾಗಿ ಮಾಡಿದರೂ ತಂತ್ರಾಂಶವನ್ನು ನವೀಕರಿಸದಿದ್ದರೆ, ನಿರ್ವಹಣೆಯ ಪುಟ ಇಡೀ ಅಂತರ್ಜಾಲಕ್ಕೆ ತೆರೆದಿದ್ದರೆ ಪ್ರಯೋಜನವಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಕಚೇರಿಯ ಗೊತ್ತಾದ ಯಂತ್ರಗಳಿಂದ ಮಾತ್ರ ಆ ಪುಟ ತೆರೆಯುವಂತೆ ಮಾಡುವುದು ಕ್ಷೇಮ.

ವಿಂಡೋಸ್ ಸರ್ವರ್‌ನಲ್ಲಿ

ವಿಂಡೋಸ್ 2000 ಸರ್ವರ್ ಜೊತೆ ಬಂದ ‘ಆಕ್ಟಿವ್ ಡೈರೆಕ್ಟರಿ’ ಇಂದಿಗೂ ಬಹಳ ಕಚೇರಿಗಳಲ್ಲಿ ಬಳಕೆಯಲ್ಲಿದೆ. ಇದರಲ್ಲಿ ಗ್ಲೋಬಲ್, ಡೊಮೇನ್ ಲೋಕಲ್, ಯೂನಿವರ್ಸಲ್ ಎಂಬ ಮೂರು ವ್ಯಾಪ್ತಿಯ ಗುಂಪುಗಳಿವೆ. ಜನರನ್ನು ಗ್ಲೋಬಲ್ ಗುಂಪಿಗೆ ಸೇರಿಸಿ, ಆ ಗುಂಪನ್ನು ಡೊಮೇನ್ ಲೋಕಲ್ ಗುಂಪಿಗೆ ಸೇರಿಸಿ, ಫೋಲ್ಡರ್‌ನ ಅನುಮತಿಯನ್ನು ಡೊಮೇನ್ ಲೋಕಲ್ ಗುಂಪಿಗೆ ಮಾತ್ರ ಕೊಡುವುದು ರೂಢಿಯ ಕ್ರಮ. ಮೊದಲನೆಯದು ‘ಇವರು ಯಾರು’ ಎಂದು ಹೇಳುತ್ತದೆ, ಎರಡನೆಯದು ‘ಇಲ್ಲಿ ಏನು ಮಾಡಬಹುದು’ ಎಂದು ಹೇಳುತ್ತದೆ.

ಜಾಲದ ಮೂಲಕ ತೆರೆಯುವ ಫೋಲ್ಡರ್‌ಗೆ ಎರಡು ಜರಡಿಗಳಿವೆ: ಹಂಚಿಕೆಯ ಅನುಮತಿ ಮತ್ತು ಡಿಸ್ಕ್‌ನ ಎನ್‌ಟಿಎಫ್‌ಎಸ್ ಅನುಮತಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ಅಂತಿಮ. ‘ಬ್ಯಾಕಪ್ ಆಪರೇಟರ್ಸ್’ ಗುಂಪನ್ನು ಹಗುರವಾಗಿ ಹಂಚಬಾರದು. ಪ್ರತಿ ತೆಗೆಯುವ ನೆಪದಲ್ಲಿ ಅನುಮತಿ ಇಲ್ಲದ ಕಡತಗಳನ್ನೂ ಓದುವ ಹಕ್ಕು ಆ ಗುಂಪಿಗಿದೆ.

ಎಲ್ಲ ಕೀಲಿಯೂ ಒಬ್ಬರ ಕೈಯಲ್ಲಿದ್ದರೆ

ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿರುವುದು ಎಷ್ಟು ಅಪಾಯವೋ, ಒಬ್ಬರಿಗೇ ಗೊತ್ತಿರುವುದೂ ಅಷ್ಟೇ ಅಪಾಯ. 2008ರ ಜುಲೈನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತ ಇದನ್ನು ಅನುಭವಿಸಿತು. ನಗರದ ಮುಖ್ಯ ಜಾಲದ ನಿರ್ವಹಣಾ ಪಾಸ್‌ವರ್ಡ್‌ಗಳು ಒಬ್ಬ ಎಂಜಿನಿಯರ್ ಬಳಿ ಮಾತ್ರ ಇದ್ದವು. ಅವನ್ನು ಮೇಲಧಿಕಾರಿಗಳಿಗೆ ಕೊಡಲು ಆತ ಒಪ್ಪಲಿಲ್ಲ, ಬಂಧನವಾಯಿತು. ಜಾಲ ಕೆಲಸ ಮಾಡುತ್ತಲೇ ಇತ್ತು, ಆದರೆ ಅದನ್ನು ನಿರ್ವಹಿಸಲು ನಗರಾಡಳಿತದ ಕೈಯಲ್ಲಿ ಕೀಲಿ ಇರಲಿಲ್ಲ. ಕೊನೆಗೆ ಆಗಿನ ಮೇಯರ್ ಗ್ಯಾವಿನ್ ನ್ಯೂಸಮ್ ಸೆರೆಮನೆಗೇ ಹೋಗಿ ಪಾಸ್‌ವರ್ಡ್ ಪಡೆದರು. 2010ರಲ್ಲಿ ಆ ಎಂಜಿನಿಯರ್‌ಗೆ ನಾಲ್ಕು ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು.

ಬ್ಯಾಂಕಿನ ತಿಜೋರಿಗೆ ಎರಡು ಕೀಲಿಗಳಿದ್ದು ಇಬ್ಬರ ಬಳಿ ಇರುವುದನ್ನು ನಾವು ಬಲ್ಲೆವು. ಸರ್ವರ್‌ಗೂ ಪೂರ್ಣ ಅಧಿಕಾರ ಇರುವವರು ಕನಿಷ್ಠ ಇಬ್ಬರು ಇರಲಿ, ಇಬ್ಬರಿಗೂ ಪ್ರತ್ಯೇಕ ಖಾತೆ ಇರಲಿ. ರೂಟ್ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ, ಮೊಹರು ಮಾಡಿ ಬೀರುವಿನಲ್ಲಿಡುವುದು ಹಳೆಯ ಪದ್ಧತಿಯಾದರೂ ಇಂದಿಗೂ ಉಪಯುಕ್ತ.

ಒಂದು ಮಾದರಿ: ಹಾಲಿನ ಸಂಘ

ಹನ್ನೆರಡು ಜನ ಕೆಲಸ ಮಾಡುವ ಹಾಲು ಉತ್ಪಾದಕರ ಸಂಘವೊಂದನ್ನು ಊಹಿಸಿಕೊಳ್ಳೋಣ. ಅಲ್ಲಿಯ ಸರ್ವರ್‌ಗೆ ನಾಲ್ಕು ಗುಂಪು ಸಾಕು.

ಹಾಲು ಗುಂಪು: ದಿನವೂ ಹಾಲು ಅಳೆದು ಬರೆದುಕೊಳ್ಳುವವರು. ದಿನದ ಸಂಗ್ರಹದ ಫೋಲ್ಡರ್‌ನಲ್ಲಿ ಬರೆಯಬಹುದು. ಒಬ್ಬರು ಬರೆದ ಕಡತವನ್ನು ಇನ್ನೊಬ್ಬರು ಅಳಿಸದಂತೆ ಸ್ಟಿಕಿ ಬಿಟ್ ಇರಬೇಕು.

ಲೆಕ್ಕ ಗುಂಪು: ರೈತರಿಗೆ ಹಣ ಲೆಕ್ಕ ಹಾಕುವವರು. ಲೆಕ್ಕದ ಫೋಲ್ಡರ್‌ನಲ್ಲಿ ಬರೆಯಬಹುದು, ದಿನದ ಸಂಗ್ರಹವನ್ನು ಓದಬಹುದು. ಇದಕ್ಕೆ ಎಸಿಎಲ್ ಬೇಕಾಗುತ್ತದೆ. ಅಳೆದವರೇ ಹಣ ಲೆಕ್ಕ ಹಾಕದಂತೆ, ಲೆಕ್ಕ ಹಾಕುವವರು ಅಳತೆಯನ್ನು ತಿದ್ದದಂತೆ ಮಾಡುವುದೇ ಈ ವಿಂಗಡಣೆಯ ಉದ್ದೇಶ.

ತಪಾಸಣೆ ಗುಂಪು: ಲೆಕ್ಕ ಪರಿಶೋಧಕರು. ಎಲ್ಲವನ್ನೂ ಓದಬಹುದು, ಏನನ್ನೂ ಬರೆಯುವಂತಿಲ್ಲ. ಖಾತೆಗೆ ಅಂತಿಮ ದಿನಾಂಕ ಹಾಕಿಡಬೇಕು.

ನಿರ್ವಹಣೆ ಗುಂಪು: ಸುಡೊ ಅಧಿಕಾರದ ಇಬ್ಬರು.

ಸಂಘದ ಅಧ್ಯಕ್ಷರಿಗೆ ಯಾವ ಗುಂಪು? ವರದಿ ನೋಡಬೇಕಿದ್ದರೆ ಓದುವ ಅಧಿಕಾರ ಸಾಕು. ಕುರ್ಚಿ ದೊಡ್ಡದಾದ ಮಾತ್ರಕ್ಕೆ ಸರ್ವರ್‌ನಲ್ಲಿ ಅಧಿಕಾರವೂ ದೊಡ್ಡದಾಗಬೇಕಿಲ್ಲ. ಇದನ್ನು ಅಧ್ಯಕ್ಷರಿಗೆ ವಿವರಿಸುವುದು ಕಷ್ಟದ ಕೆಲಸವೇ ಸರಿ. ಆದರೆ ನಾಳೆ ಕಡತ ಹೆಚ್ಚುಕಡಿಮೆಯಾದರೆ ‘ನನಗೆ ಬರೆಯುವ ಅಧಿಕಾರವೇ ಇರಲಿಲ್ಲ’ ಎಂದು ಅವರು ಧೈರ್ಯವಾಗಿ ಹೇಳಬಹುದು. ಇದನ್ನು ತಿಳಿಸಿದರೆ ಹೆಚ್ಚಿನವರು ಒಪ್ಪುತ್ತಾರೆ.

ಲಿನಕ್ಸ್‌ನಲ್ಲಿ ಗುಂಪಿನ ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಇಡುವುದೇ ಸುರಕ್ಷಿತ. ಆದರೆ ಯಾವ ಗುಂಪು ಏನು ಮಾಡಬಹುದು ಎಂಬ ಪಟ್ಟಿಯನ್ನು ಪುಸ್ತಕವೊಂದರಲ್ಲಿ ಕನ್ನಡದಲ್ಲೂ ಆಯಾ ರಾಜ್ಯದ ಭಾಷೆಯಲ್ಲೂ ಬರೆದಿಡಿ. ಅಕ್ಕಲಕೋಟೆಯಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು, ಮಡಕಶಿರದಲ್ಲಿ ತೆಲುಗು ಮಾತ್ರ ಬಲ್ಲ ನೌಕರ ವರ್ಗವಾಗಿ ಬಂದರೂ ಆಗ ಗೊಂದಲವಾಗದು.

ಕೆಲಸ ಬಿಟ್ಟವರ ಖಾತೆ

ಸೇರಿದ ದಿನ ಎಲ್ಲರೂ ಖಾತೆ ಕೇಳುತ್ತಾರೆ. ಬಿಟ್ಟುಹೋದ ದಿನ ಖಾತೆ ಮುಚ್ಚಿ ಎಂದು ಯಾರೂ ಕೇಳುವುದಿಲ್ಲ. ಅದನ್ನು ನಿರ್ವಾಹಕರೇ ನೆನಪಿಟ್ಟು ಮಾಡಬೇಕು. ಇಲ್ಲಿ ಎರಡು ಸೂಕ್ಷ್ಮಗಳಿವೆ.

ಮೊದಲನೆಯದು, ಪಾಸ್‌ವರ್ಡನ್ನು ಮಾತ್ರ ಲಾಕ್ ಮಾಡಿದರೆ ಸಾಲದು. ಎಸ್‌ಎಸ್‌ಎಚ್ ಕೀಲಿ ಇಟ್ಟುಕೊಂಡವರು ಪಾಸ್‌ವರ್ಡ್ ಇಲ್ಲದೆಯೂ ಒಳಬರಬಹುದು. ಆದ್ದರಿಂದ ಖಾತೆಯ ಅವಧಿಯನ್ನೇ ಮುಗಿಸಬೇಕು.

ಎರಡನೆಯದು, ಖಾತೆಯನ್ನು ಅವಸರದಲ್ಲಿ ಅಳಿಸಬಾರದು. ಲಿನಕ್ಸ್ ಕಡತದ ಮೇಲೆ ಒಡೆಯನ ಹೆಸರನ್ನು ಬರೆಯುವುದಿಲ್ಲ, ಸಂಖ್ಯೆಯನ್ನು ಬರೆಯುತ್ತದೆ. ಖಾತೆ ಅಳಿಸಿದ ಮೇಲೆ ಅದೇ ಸಂಖ್ಯೆ ಹೊಸಬರಿಗೆ ಸಿಕ್ಕರೆ ಹಳಬರ ಕಡತಗಳೆಲ್ಲ ಹೊಸಬರ ಪಾಲಾಗುತ್ತವೆ. ಮೊದಲು ಕಡತಗಳನ್ನು ಬೇರೆಯವರ ಹೆಸರಿಗೆ ವರ್ಗಾಯಿಸಿ, ನಂತರ ಅಳಿಸುವ ಮಾತು.

ವರ್ಗವಾಗಿ ಬೇರೆ ಕೆಲಸಕ್ಕೆ ಹೋದವರದು ಇನ್ನೊಂದು ಕತೆ. ಹೊಸ ಗುಂಪಿಗೆ ಸೇರಿಸುತ್ತಾರೆ, ಹಳೆಯದರಿಂದ ತೆಗೆಯುವುದನ್ನು ಮರೆಯುತ್ತಾರೆ. ಹತ್ತು ವರ್ಷ ಸೇವೆಯಾದವರ ಬಳಿ ಹೀಗೆ ಹತ್ತು ಕೆಲಸದ ಅಧಿಕಾರ ಕೂಡಿಬಿದ್ದಿರುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿ ಗುಂಪಿನ ಪಟ್ಟಿಯನ್ನು ಮುದ್ರಿಸಿ, ಆಯಾ ವಿಭಾಗದ ಮುಖ್ಯಸ್ಥರಿಗೆ ತೋರಿಸಿ ಸಹಿ ಪಡೆಯುವುದೇ ಇದಕ್ಕೆ ಮದ್ದು.

ಕಾನೂನಿನ ದೃಷ್ಟಿ

ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ಕಂಪನಿಗಳು, ಡೇಟಾ ಕೇಂದ್ರಗಳು, ಸರ್ಕಾರಿ ಸಂಸ್ಥೆಗಳು ಮೊದಲಾದವು ಸೈಬರ್ ಅವಘಡವನ್ನು ಗೊತ್ತಾದ 6 ಗಂಟೆಗಳೊಳಗೆ ವರದಿ ಮಾಡಬೇಕು. ಲಾಗ್ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. ಆದರೆ ಎಲ್ಲರೂ ಒಂದೇ ಹೆಸರಿನಲ್ಲಿ ಲಾಗಿನ್ ಆಗುವ ಸರ್ವರ್‌ನಲ್ಲಿ 180 ದಿನದ ದಾಖಲೆ ಇದ್ದರೂ ಅದು ಹೇಳುವುದು ಒಂದೇ ಹೆಸರನ್ನು.

ನಾಳೆಯೇ ಮಾಡಬಹುದಾದ ಐದು ಕೆಲಸಗಳು

1. ಹಂಚಿಕೊಂಡ ಪಾಸ್‌ವರ್ಡ್ ಬದಲಿಸಿ, ಪ್ರತಿಯೊಬ್ಬರಿಗೂ ಸ್ವಂತ ಖಾತೆ ಮಾಡಿ.
2. ಕಚೇರಿಯ ಕೆಲಸಗಳನ್ನು ಪಟ್ಟಿ ಮಾಡಿ, ಕೆಲಸಕ್ಕೊಂದು ಗುಂಪು ರಚಿಸಿ.
3. 777 ಇರುವ ಫೋಲ್ಡರ್‌ಗಳನ್ನು ಹುಡುಕಿ ಸರಿಪಡಿಸಿ.
4. ಪೂರ್ಣ ಅಧಿಕಾರ ಇರುವವರು ಇಬ್ಬರಿಗಿಂತ ಕಡಿಮೆಯೂ ಬೇಡ, ಬೇಕಾದ್ದಕ್ಕಿಂತ ಹೆಚ್ಚೂ ಬೇಡ.
5. ಕೆಲಸ ಬಿಟ್ಟವರ ಖಾತೆಗಳು ಇನ್ನೂ ತೆರೆದಿವೆಯೇ ಎಂದು ನೋಡಿ.

ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಕೊಳ್ಳಬೇಕಿಲ್ಲ, ಹಣ ಖರ್ಚಿಲ್ಲ. ಒಂದು ದಿನದ ಬಿಡುವು ಸಾಕು. ಕಡತ ಕಾಣೆಯಾದ ದಿನ ಹೊಸ ನೌಕರ ತಲೆ ತಗ್ಗಿಸಿ ನಿಲ್ಲುವ ಬದಲು, ‘ದಾಖಲೆ ತೆಗೆದು ನೋಡಿ’ ಎಂದು ಹೇಳುವಂತಾದರೆ ಆ ಒಂದು ದಿನದ ಶ್ರಮ ಸಾರ್ಥಕ.